ಎ ಖರಾಬು, ಒಂಬತ್ತು ಗುಂಟೆ

ಹೋದ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ನಮ್ಮ ಹೊಲ ಅಳೆಯಲು ಸರ್ವೇಯರ್ ಬಂದರು. ಅಪ್ಪ ತೀರಿಕೊಂಡ ಮೇಲೆ ನಾನೂ ಚಿಕ್ಕಪ್ಪನೂ ಪಾಲು ಮಾಡಿಕೊಳ್ಳುವುದು ಹೇಗೋ ಮುಂದಕ್ಕೆ ಹೋಗುತ್ತಲೇ ಇತ್ತು. ಜಗಳವೇನಿಲ್ಲ, ಸೋಮಾರಿತನ ಅಷ್ಟೆ. ಕೊನೆಗೆ ಪಾಲಿನ ಗಡಿ ಗುರುತಿಸುವ 11ಇ ಸ್ಕೆಚ್ಚಿಗೆ ಅರ್ಜಿ ಹಾಕಿದೆವು. ಬೇಲೂರು ತಾಲ್ಲೂಕಿನಲ್ಲಿ, ಹಳೇಬೀಡಿನ ಕಡೆಗೆ, ಒಟ್ಟು 3 ಎಕರೆ 12 ಗುಂಟೆ. ಹಾಸನದಲ್ಲಿ ಕೆಲಸ ಮಾಡುವ ನನಗೆ ಅದು ಭಾನುವಾರದ ಹೊಲ. ಚಿಕ್ಕಪ್ಪನಿಗೆ ವಾರದ ಏಳೂ ದಿನದ್ದು.

ಟೇಪು ಹಿಡಿದು ಮೂಲೆಗೆ ಬಂದಾಗ ಸರ್ವೇಯರ್ ನಿಂತರು. "ಇಲ್ಲಿ 9 ಗುಂಟೆ ಎ ಖರಾಬು ಇದೆಯಲ್ಲ ಸಾರ್. ಸಮ ಮಾಡಿಸ್ಕೊಳ್ಳಿ, ಸುಮ್ನೆ ಹಾಳು ಬಿದ್ದದೆ."

"ಜೆಸಿಬಿಗೆ ಹೇಳಿವ್ನಿ, ಬುಧವಾರ ಬತ್ತದೆ," ಅಂದ ಚಿಕ್ಕಪ್ಪ.

ಪಹಣಿಯನ್ನು ಬೆಳೆಸಾಲಕ್ಕೆ, ಪರಿಹಾರಕ್ಕೆ, ಇನ್ನೊಂದಕ್ಕೆ ಅಂತ ನೂರು ಸಲ ತೆಗೆಸಿದ್ದೇನೆ. ವಿಸ್ತೀರ್ಣದ ಕಾಲಂನಲ್ಲಿ ಸಣ್ಣಗೆ ಕೂತಿರುವ 'ಫೂಟ್ ಖರಾಬು' ಎನ್ನುವ ಸಾಲನ್ನು ಒಂದು ಸಲವೂ ಸರಿಯಾಗಿ ಓದಿರಲಿಲ್ಲ. ಎ ಖರಾಬು ಅಂದರೆ ಸರ್ವೆ ಮಾಡಿದ ಕಾಲಕ್ಕೆ ಸಾಗುವಳಿಗೆ ಲಾಯಕ್ಕಿಲ್ಲ ಅಂತ ಬಿಟ್ಟದ್ದು: ಬಂಡೆ, ಕೊರಕಲು, ಕಣ ಮಾಡಿಕೊಂಡ ಜಾಗ. ಬಿ ಖರಾಬು ಅಂದರೆ ಎಲ್ಲರಿಗೂ ಸೇರಿದ್ದು: ಬಂಡಿದಾರಿ, ಹಳ್ಳ, ಕೆರೆ, ಸ್ಮಶಾನ. ಎರಡಕ್ಕೂ ಕಂದಾಯವಿಲ್ಲ. ಸರ್ಕಾರದ ಲೆಕ್ಕದಲ್ಲಿ ಅಲ್ಲಿಂದ ಏನೂ ಹುಟ್ಟುವುದಿಲ್ಲ.

ನಮ್ಮ ಒಂಬತ್ತು ಗುಂಟೆಯಲ್ಲಿರುವುದು ಒಂದು ಹಾಸುಬಂಡೆ, ಅದರ ಪಕ್ಕ ಹುತ್ತ, ನಾಲ್ಕು ಪೊದೆ ತಂಗಡಿ, ಎಕ್ಕದ ಗಿಡ, ಕವಳಿ ಮುಳ್ಳು, ಯಾರೂ ನೆಡದೆ ತಾನೇ ಎದ್ದ ಒಂದು ಅತ್ತಿಮರ, ಬೇಡವೆಂದರೂ ಬರುವ ಲಂಟಾನ. ಬಂಡೆಯ ಕೆಳಗಡೆ ಮಳೆನೀರು ಕೊರೆದು ಆಳೆತ್ತರಕ್ಕಿಂತ ಕಡಿಮೆಯ ಒಂದು ಕೆಮ್ಮಣ್ಣಿನ ದರೆ ನಿಂತಿದೆ. ಅಪ್ಪ ಇದನ್ನೆಲ್ಲ ಹಾಗೇ ಬಿಟ್ಟಿದ್ದ. ಅವನೇನು ಪರಿಸರವಾದಿಯಾಗಿರಲಿಲ್ಲ, ಬಂಡೆ ಒಡೆಸುವಷ್ಟು ದುಡ್ಡು ಅವನ ಕೈಯಲ್ಲಿ ಯಾವತ್ತೂ ಇರಲಿಲ್ಲ.

ಆ ದರೆಯಲ್ಲಿ ತೂತುಗಳಿವೆ. ಪೆನ್ಸಿಲ್ ದಪ್ಪದ, ದುಂಡನೆಯ ತೂತುಗಳು. ಚಿಕ್ಕವರಿದ್ದಾಗ ಅದಕ್ಕೆ ಕಡ್ಡಿ ಹಾಕಿ ಬೈಸಿಕೊಂಡದ್ದು ನೆನಪಿದೆ. ಅದರೊಳಗೆ ಏನಿದೆ ಅಂತ ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಅದೂ ಅವ್ವನ ಬದನೆಕಾಯಿ ಗಿಡಗಳ ದೆಸೆಯಿಂದ.

ಹೊಲದ ತುದಿಯಲ್ಲಿ ಅವ್ವ ಎರಡು ಪಾತಿ ಬದನೆ ಹಾಕುತ್ತಾಳೆ. ಒಂದು ಬೆಳಿಗ್ಗೆ ಕಾಯಿ ಕೀಳುತ್ತಿದ್ದಾಗ ಪಕ್ಕದಲ್ಲೇ ಯಾರೋ ಸಣ್ಣ ಮೋಟಾರು ಚಾಲೂ ಮಾಡಿ ಆಫ್ ಮಾಡಿದ ಹಾಗಾಯಿತು. ಝುಯ್ಯ್... ನಿಂತಿತು. ಮತ್ತೆ ಝುಯ್ಯ್. ಬಗ್ಗಿ ನೋಡಿದರೆ ಒಂದು ಹುಳ ಬದನೆ ಹೂವಿಗೆ ತಲೆಕೆಳಗಾಗಿ ಜೋತುಬಿದ್ದಿತ್ತು. ಎದೆಯ ಮೇಲೆ ಕಂದು ರೋಮ, ಹೊಟ್ಟೆಯ ಮೇಲೆ ನವಿಲಿನ ಕತ್ತಿನ ಬಣ್ಣದ ನೀಲಿ ಪಟ್ಟೆಗಳು. ನಡುವೆ ಚಾಚಿಕೊಂಡ ಹಳದಿ ಕೇಸರಗಳನ್ನು ಕಾಲಲ್ಲಿ ತಬ್ಬಿಕೊಂಡು ಮೈಯನ್ನೆಲ್ಲ ನಡುಗಿಸುತ್ತಿತ್ತು. ರೆಕ್ಕೆ ಆಡುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಹಾರಿಹೋದ ಮೇಲೆ ಹೂವನ್ನು ಬೆರಳ ಮೇಲೆ ಕೊಡವಿದೆ. ಸ್ವಲ್ಪ ಹಳದಿ ಪುಡಿ ಬಿತ್ತು.

ಬದನೆ, ಟೊಮೇಟೊ ಹೂಗಳ ಗುಟ್ಟೇ ಅದು. ಬೇರೆ ಹೂಗಳಲ್ಲಿ ಪರಾಗ ಮೇಲೇ ಇರುತ್ತದೆ, ಕಾಲಿಗೆ ಮೆತ್ತುತ್ತದೆ. ಇವುಗಳಲ್ಲಿ ಕೇಸರದ ತುದಿಯಲ್ಲಿ ಸೂಜಿಮೊನೆಯಷ್ಟು ತೂತು, ಪರಾಗ ಒಳಗೆ. ಉಪ್ಪಿನ ಡಬ್ಬಿ ಕೊಡವಿದ ಹಾಗೆ ಯಾರಾದರೂ ಸರಿಯಾದ ವೇಗದಲ್ಲಿ ನಡುಗಿಸಿದರೆ ಉದುರುತ್ತದೆ. ಗಾಳಿ ಅಲ್ಲಾಡಿಸಿದರೂ ತುಸು ಉದುರಿ ಒಂದಿಷ್ಟು ಕಾಯಿ ಕಟ್ಟುತ್ತದೆ, ಇಲ್ಲವೆಂದಲ್ಲ. ಆದರೆ ಈ ಕೊಡವುವ ವಿದ್ಯೆ ಪೆಟ್ಟಿಗೆ ಜೇನಿಗೆ ಗೊತ್ತಿಲ್ಲ, ಹೆಜ್ಜೇನಿಗೂ ಗೊತ್ತಿಲ್ಲ. ಗೊತ್ತಿರುವುದು ಈ ನೀಲಿ ಪಟ್ಟೆಯದಕ್ಕೆ, ಮರ ಕೊರೆಯುವ ಕಪ್ಪು ದುಂಬಿಗೆ, ಇನ್ನು ಕೆಲವು ಒಂಟಿ ಜೇನುಗಳಿಗೆ. ತಂಗಡಿ ಹೂವಿನದೂ ಇದೇ ಕಥೆ. ತಂಗಡಿ ಪೊದೆ, ಬದನೆ ಪಾತಿ, ದರೆಯ ತೂತು ಮೂರೂ ಒಂದು ಕೂಗಳತೆಯೊಳಗೆ ಇದ್ದದ್ದು ನನಗೆ ಆಮೇಲೆ ಹೊಳೆಯಿತು.

ಒಂಟಿ ಜೇನು ಎಂದೆ. ಇವುಗಳಿಗೆ ರಾಣಿಯಿಲ್ಲ, ಸೈನ್ಯವಿಲ್ಲ, ತುಪ್ಪ ಕೂಡಿಡುವ ಚಟವಿಲ್ಲ. ಹೆಣ್ಣು ಒಬ್ಬಳೇ ದರೆಯಲ್ಲಿ ಸುರಂಗ ಕೊರೆಯುತ್ತಾಳೆ, ಕೊನೆಯಲ್ಲಿ ಕೋಣೆ ಮಾಡಿ ಪರಾಗ ಮತ್ತು ಮಕರಂದ ಕಲೆಸಿ ಇಡುತ್ತಾಳೆ, ಅದರ ಮೇಲೊಂದು ಮೊಟ್ಟೆ, ಬಾಗಿಲು ಮುಚ್ಚಿದಳು. ಪಕ್ಕದ ತೂತು ಇನ್ನೊಬ್ಬಳದು. ಬೀದಿ ಒಂದೇ, ಒಲೆ ಬೇರೆ ಬೇರೆ. ನಮ್ಮಲ್ಲಿ ಜೇನು ಎಂದರೆ ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಕೋಲುಜೇನು, ಚುಚ್ಚದ ಪುಟ್ಟ ಮುಜಂಟಿ ಎಂದು ನಾಲ್ಕಕ್ಕೆ ಮಾತು ನಿಲ್ಲುತ್ತದೆ. ತುಪ್ಪ ಕೊಟ್ಟವರಿಗಷ್ಟೇ ನಾವು ಹೆಸರಿಟ್ಟದ್ದು. ಪ್ರಪಂಚದಲ್ಲಿ ಗುರುತಿಸಿರುವ ಜೇನು ಜಾತಿಗಳು 20,000ಕ್ಕೂ ಹೆಚ್ಚು. ಬಹುಪಾಲು ಹೀಗೆ ಒಂಟಿಯಾಗಿ, ಮಣ್ಣಲ್ಲೋ ಟೊಳ್ಳು ಕಡ್ಡಿಯಲ್ಲೋ ಬದುಕುವಂಥವು.

ಸಂಜೆ ಆರೂವರೆಗೆ ಇನ್ನೊಂದು ನೋಡಬೇಕು. ಒಣಗಿದ ತುಂಬೆ ಕಡ್ಡಿಗೆ ಏಳೆಂಟು ಗಂಡು ಹುಳಗಳು ಸಾಲಾಗಿ ಬಂದು ಕೂರುತ್ತವೆ. ಕೂರುವುದಲ್ಲ, ಕಚ್ಚುತ್ತವೆ. ದವಡೆಯಲ್ಲಿ ಕಡ್ಡಿ ಕಚ್ಚಿಕೊಂಡು, ಕಾಲು ಮಡಚಿ, ತಂತಿಗೆ ಹಾಕಿದ ಬಟ್ಟೆ ಕ್ಲಿಪ್ಪಿನ ಹಾಗೆ ಗಾಳಿಯಲ್ಲಿ ಚಾಚಿಕೊಂಡು ಬೆಳಗಿನವರೆಗೆ ನಿದ್ದೆ. ಹೆಣ್ಣಿಗೆ ಮನೆಯಿದೆ, ಗಂಡಿಗೆ ಕಡ್ಡಿ. ಅವ್ವನಿಗೆ ತೋರಿಸಿದೆ. "ಸಂತೆ ಮುಗಿಸ್ಕೊಂಡು ಬಸ್ಸಲ್ಲಿ ನೇತಾಕ್ಕೊಂಡು ಬರೋರ ಹಂಗೆ ಅವೆ ಕಣಪ್ಪ," ಅಂದಳು.

ಇಷ್ಟೆಲ್ಲ ತಿಳಿದ ನಾನೇ ಎರಡು ವರ್ಷದ ಹಿಂದೆ ಬದುವಿಗೆ ಕಳೆನಾಶಕ ಹೊಡೆಸಿದ್ದೆ. ಕೂಲಿಗೆ ಆಳು ಸಿಕ್ಕಿರಲಿಲ್ಲ, ಅಂಗಡಿಯವರು ಒಂದು ಕ್ಯಾನು ಕೈಗಿಟ್ಟರು, ಅರ್ಧ ದಿನದಲ್ಲಿ ಕೆಲಸ ಮುಗಿದುಹೋಯಿತು. ವಾರಕ್ಕೆ ಬದು ಪೂರ್ತಿ ಗೋಧಿ ಬಣ್ಣಕ್ಕೆ ತಿರುಗಿತು. ತುಂಬೆ, ಉತ್ತರಾಣಿ, ಮುಟ್ಟಿದರೆಮುನಿ, ಹೆಸರು ಗೊತ್ತಿಲ್ಲದ ನೆಲಹೂಗಳು, ಎಲ್ಲವೂ ಹೋದವು. ಮೊದಲು ವಾಪಸ್ಸು ಬಂದದ್ದು ಪಾರ್ಥೇನಿಯಂ. ಅದನ್ನು ನೋಡಿ ನಾಚಿಕೆಯಾಯಿತು. ಆ ವರ್ಷ ಅವ್ವನ ಬದನೆಯೂ ಸೊರಗಿತು. ಅದಕ್ಕೂ ಇದಕ್ಕೂ ಗಂಟು ಹಾಕಿ ಆಣೆ ಮಾಡಲಾರೆ, ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಆದರೆ ಮೋಟಾರಿನ ಸದ್ದು ಮಾತ್ರ ಆ ಹಂಗಾಮಿನಲ್ಲಿ ನನ್ನ ಕಿವಿಗೆ ಬೀಳಲಿಲ್ಲ.

ಹಾಗಾಗಿ ಜೆಸಿಬಿ ಎಂದ ಕೂಡಲೇ ಚಿಕ್ಕಪ್ಪನ ಹತ್ತಿರ ಬೇಡ ಅಂದೆ. ಅವನು ನನ್ನ ಮುಖ ನೋಡಿದ. "ಹುಳಕ್ಕೋಸ್ಕರ ಒಂಬತ್ತು ಗುಂಟೆ ಬಿಡಾಕಾಯ್ತದೇನ್ಲಾ? ಜೋಳ ಹಾಕುದ್ರೆ ಮೂರು ಚೀಲ ಆಯ್ತದೆ." ಅವನ ಮಾತಿನಲ್ಲಿ ತಪ್ಪಿಲ್ಲ. ಬೆಂಗಳೂರಿನಲ್ಲೋ ಹಾಸನದಲ್ಲೋ ಕೂತು ಹುಳ ಉಳಿಸಿ ಅನ್ನುವುದು ಸುಲಭ. ಮೂರು ಚೀಲ ಜೋಳದ ಲೆಕ್ಕ ಬೇರೆ. ಆ ಬುಧವಾರದ ಜೆಸಿಬಿ ಮಾತ್ರ ಮುಂದಕ್ಕೆ ಹೋಯಿತು, ಡ್ರೈವರಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತಂತೆ.

ಆ ಬಿಡುವಿನಲ್ಲಿ ನಾನು ಮಾಡಿದ ಕೆಲಸವೆಂದರೆ ಊರಿನ ಗ್ರಾಮನಕ್ಷೆ ಇಳಿಸಿಕೊಂಡು ದೊಡ್ಡದಾಗಿ ಪ್ರಿಂಟು ಹಾಕಿಸಿದ್ದು. ಸರ್ವೆ ನಂಬರುಗಳ ಚೌಕಗಳ ನಡುವೆ ಜೋಡಿಗೆರೆಯಲ್ಲಿ ಬಂಡಿದಾರಿ, ಡೊಂಕು ಗೆರೆಯಲ್ಲಿ ಹಳ್ಳ, ಕೆರೆ, ಏರಿ, ಗುಂಡುತೋಪು, ಗೋಮಾಳ, ಊರಾಚೆಯ ದೇವರಕಾಡು. ಒಂದು ಹಸಿರು ಸ್ಕೆಚ್ ಪೆನ್ನು ತೆಗೆದುಕೊಂಡು ಹೂ ಬಿಡುವ ಜಾಗಗಳನ್ನೆಲ್ಲ ಬಣ್ಣ ಮಾಡುತ್ತ ಹೋದೆ. ಬಣ್ಣ ಬಿದ್ದದ್ದು ಬಹುಪಾಲು ಖರಾಬು, ಎ ಇಲ್ಲವೇ ಬಿ. ಊರಿನ ಹುಳಹುಪ್ಪಟೆಯ ಜಮೀನಿನ ಪಹಣಿಯೇ ಅದು.

ಹಳೆಯ ನಕ್ಷೆಯಲ್ಲಿ ನೋಡಿದರೆ ಇವೆಲ್ಲ ಒಂದಕ್ಕೊಂದು ತಾಗಿಕೊಂಡಿದ್ದವು. ನಮ್ಮ ಬಂಡೆಯಿಂದ ಬದು, ಬದುವಿನಿಂದ ಬಂಡಿದಾರಿಯ ಕಳ್ಳಿಬೇಲಿ, ಬೇಲಿಯಿಂದ ಹೊಂಗೆ ಸಾಲಿರುವ ಹಳ್ಳ, ಹಳ್ಳದಿಂದ ಕೆರೆ ಏರಿ, ಏರಿಯ ಕೊನೆಗೆ ದೇವರಕಾಡು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ದನ ಹೋಗಲು ದಾರಿ ಬೇಕಿತ್ತು, ದನ ನುಗ್ಗದಿರಲು ಬೇಲಿ ಬೇಕಿತ್ತು, ನೀರು ಹರಿಯಲು ಹಳ್ಳ ಬೇಕಿತ್ತು. ಆ ದಾರಿಯಲ್ಲೇ ಹುಳವೂ ಓಡಾಡಿಕೊಂಡಿತ್ತು.

ಈಗ ಅದೇ ಗೆರೆಯ ಮೇಲೆ ನಡೆದುಕೊಂಡು ಹೋಗಿ ನೋಡಿದೆ. ಎರಡು ಕಡೆ ಹರಿದಿದೆ. ಒಂದು, ಹಳ್ಳದ ಈಚೆಗೆ. ಅಲ್ಲಿ ಐದಾರು ಜನರ ಹೊಲಗಳನ್ನು ಗುತ್ತಿಗೆಗೆ ತೆಗೆದುಕೊಂಡು ಬೇಲಿ, ಬದು ಎಲ್ಲ ಕಿತ್ತು ಒಂದೇ ಹಾಳೆ ಮಾಡಿ ಶುಂಠಿ ಹಾಕಿದರು, ಶುಂಠಿ ಆದ ಮೇಲೆ ಮುಸುಕಿನ ಜೋಳ. ಇನ್ನೊಂದು, ಕೆರೆ ಏರಿ. ಅದನ್ನು 'ಅಭಿವೃದ್ಧಿ' ಮಾಡುವಾಗ ಎರಡೂ ಮಗ್ಗುಲನ್ನು ಬೋಳು ಮಾಡಿದರು. ಈ ಎರಡು ತುಂಡು ಸೇರಿ ಸುಮಾರು ಮುಕ್ಕಾಲು ಕಿಲೋಮೀಟರು. ನಡೆದರೆ ಹತ್ತು ನಿಮಿಷ. ಮುಜಂಟಿ ತನ್ನ ಗೂಡಿನಿಂದ ಸಾಮಾನ್ಯವಾಗಿ ಓಡಾಡುವುದು ಅರ್ಧ ಕಿಲೋಮೀಟರಿನ ಆಸುಪಾಸು. ಚಿಕ್ಕ ಒಂಟಿ ಜೇನುಗಳಿಗೆ ಇನ್ನೂ ಕಡಿಮೆ, ಇನ್ನೂರು ಮುನ್ನೂರು ಮೀಟರಿಗೇ ಸುಸ್ತು. ತುಡುವೆ ಒಂದು ಕಿಲೋಮೀಟರು ದಾಟಬಲ್ಲದು, ಹೆಜ್ಜೇನಿಗೆ ಇದು ಲೆಕ್ಕವೇ ಅಲ್ಲ. ಅಂದರೆ ನಮ್ಮ ಬಂಡೆಯ ಮೇಲಿನವೂ ದೇವರಕಾಡಿನವೂ ಒಂದೇ ಊರಿನಲ್ಲಿದ್ದುಕೊಂಡೇ ನೆಂಟಸ್ತನ ಕಳೆದುಕೊಂಡಿವೆ. ಒಂದು ಕಡೆ ಬೆಂಕಿಯೋ ಔಷಧಿಯೋ ಬಿದ್ದು ಸಂತತಿ ಅಳಿದರೆ ಇನ್ನೊಂದು ಕಡೆಯಿಂದ ಬಂದು ತುಂಬುವವರಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಲೆಕ್ಕವನ್ನು ದೇಶದ ಅಳತೆಗೆ ಹಾಕುತ್ತಿದ್ದಾರೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1930ರ ದಶಕದಿಂದ ಐವತ್ತು ವರ್ಷದೊಳಗೆ ಹೂವಿನ ಹುಲ್ಲುಗಾವಲು ನೂರಕ್ಕೆ 97 ಪಾಲು ಹೋಗಿಬಿಟ್ಟಿತು. ಈಗ ಬಗ್‌ಲೈಫ್ ಎನ್ನುವ ಸಂಸ್ಥೆಯೊಂದು ಬಿ-ಲೈನ್ಸ್ ಎಂದು ಹೆಸರಿಟ್ಟು, ಉಳಿದ ಚೂರುಗಳನ್ನು ಪೋಣಿಸುವ ಹಾಗೆ ಮೂರು ಕಿಲೋಮೀಟರು ಅಗಲದ ಪಟ್ಟಿಗಳನ್ನು ನಕ್ಷೆಯ ಮೇಲೆ ಎಳೆದು, ಆ ಪಟ್ಟಿಯಲ್ಲಿ ಜಮೀನಿರುವವರನ್ನು ಹೂ ಬೆಳೆಸಿ ಎಂದು ಒಪ್ಪಿಸುತ್ತಿದೆ. ಓದಿ ಖುಷಿಯಾಯಿತು. ಆದರೆ ಇದನ್ನು ನೋಡಿ ನಮ್ಮವರು ಆನ್‌ಲೈನಿನಲ್ಲಿ 'ವೈಲ್ಡ್‌ಫ್ಲವರ್ ಮಿಕ್ಸ್' ಪ್ಯಾಕೆಟ್ಟು ತರಿಸಿ ಕಾಸ್ಮಾಸ್ ಚೆಲ್ಲುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ನಮ್ಮ ನೆಲದಲ್ಲಿ ತುಂಬೆಯ ಬೀಜ ಮಲಗಿಯೇ ಇದೆ. ಎರಡು ಮಳೆ ಬಿದ್ದು, ಔಷಧಿ ಬೀಳದಿದ್ದರೆ ಏಳುತ್ತದೆ.

ಹೂವಿನ ಪಟ್ಟಿ ಬಿತ್ತುವ ವಿದ್ಯೆಯೂ ನಮಗೆ ಹೊಸದೇನಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಡುತ್ತಿದ್ದರಲ್ಲ, ಅದೇ. ಹತ್ತು ಹನ್ನೆರಡು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹಲಸಂದೆ, ಸಾಸಿವೆ. ಹೊಲದ ಅಂಚಿಗೆ ಹುಚ್ಚೆಳ್ಳು. ಅಕ್ಟೋಬರಿನಲ್ಲಿ ಹಳೇಬೀಡಿನ ರಸ್ತೆಯಲ್ಲಿ ಬಸ್ಸಲ್ಲಿ ಹೋದರೆ ಎರಡೂ ಕಡೆ ರಾಗಿಗೆ ಅರಿಶಿನದ ಅಂಚು ಹೊಲಿದ ಹಾಗೆ ಕಾಣುತ್ತಿತ್ತು. ಹುಚ್ಚೆಳ್ಳು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಬೇರೆ ಗಿಡದ್ದು ಬರಬೇಕು, ತಂದುಕೊಡಲು ಹುಳ ಬರಬೇಕು. ಹುಳ ಬರದಿದ್ದರೆ ಹೂ ಮಾತ್ರ, ಕಾಳು ಜೊಳ್ಳು. ಅದೇ ಹೂವಿಗೆ ಬಂದ ಹುಳ ಪಕ್ಕದ ತೊಗರಿಗೂ ಅವರೆಗೂ ಹಾಯುತ್ತಿತ್ತು. ಅವರೆ ಹೂವಿಗೆ ಕಪ್ಪು ದುಂಬಿ ಬಂದು ಕೂತಾಗ ಹೂ ಭಾರಕ್ಕೆ ಬಗ್ಗುವುದನ್ನು ನೋಡದ ಹೊಲದ ಮಕ್ಕಳು ನಮ್ಮ ಕಾಲದಲ್ಲಿರಲಿಲ್ಲ. ಮುಸುಕಿನ ಜೋಳ ಬಂದ ಮೇಲೆ ಅಕ್ಕಡಿಗೆ ಜಾಗವಿಲ್ಲ. ಜೋಳ ಗಾಳಿಯಲ್ಲೇ ಕೆಲಸ ಮುಗಿಸಿಕೊಳ್ಳುತ್ತದೆ, ಅದಕ್ಕೆ ಯಾರ ಹಂಗೂ ಇಲ್ಲ. ಹುಚ್ಚೆಳ್ಳು ಚಟ್ನಿಪುಡಿ ಈಗ ಹಾಸನದ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಅವ್ವ ಅದನ್ನು ಮೂಸಿ ನೋಡಿ ಪಕ್ಕಕ್ಕಿಡುತ್ತಾಳೆ.

ನಮ್ಮ ತಾಲ್ಲೂಕಿನ ಒಂದು ವಿಚಿತ್ರವೆಂದರೆ ಹಳೇಬೀಡಿನ ಕಡೆ ರಾಗಿ ಹೊಲದಲ್ಲಿ ನಿಂತವನು ಬೇಲೂರು ದಾಟಿ ಅರೇಹಳ್ಳಿ ಕಡೆಗೆ ಹೋದರೆ ಒಂದು ಗಂಟೆಯೊಳಗೆ ಕಾಫಿ ತೋಟದ ನೆರಳಿನಲ್ಲಿರುತ್ತಾನೆ. ಅರೇಹಳ್ಳಿ ಕಡೆ ನನ್ನ ಸೋದರಮಾವನ ಆರು ಎಕರೆ ರೊಬಸ್ಟಾ ಇದೆ. ಅಲ್ಲಿಯ ಜನ ವರ್ಷವನ್ನು ಎಣಿಸುವುದೇ ಹೂಮಳೆಯಿಂದ. ಮಾರ್ಚಿಯಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ವಾರ ಹತ್ತು ದಿನಕ್ಕೆ ಇಡೀ ತೋಟ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ ತಲೆಗೇರುತ್ತದೆ. ಎರಡು ಮೂರು ದಿನ, ಆಮೇಲೆ ಕಂದು. ಅರೇಬಿಕಾ ತನ್ನ ಹೂವಿಗೆ ತಾನೇ ಸಾಕು. ರೊಬಸ್ಟಾಗೆ ಮಾತ್ರ ಹುಚ್ಚೆಳ್ಳಿನ ಬುದ್ಧಿ, ಬೇರೆ ಗಿಡದ ಪರಾಗವೇ ಬೇಕು. ಗಾಳಿ ಒಂದಿಷ್ಟು ತರುತ್ತದೆ, ಉಳಿದದ್ದು ಜೇನು ತರಬೇಕು. ಕೊಡಗಿನ ರೊಬಸ್ಟಾ ತೋಟಗಳಲ್ಲಿ ನಡೆಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಕೆಲಸ ಮಾಡುವವರು ಹೆಜ್ಜೇನು, ತುಡುವೆ, ಮುಜಂಟಿ ಎಂದೂ, ಮೂವರಲ್ಲಿ ಹೆಜ್ಜೇನಿನದೇ ದೊಡ್ಡ ಪಾಲು ಎಂದೂ ಕಂಡುಬಂತು.

ಎರಡು ದಿನದ ಕೆಲಸ ಸರಿ. ಉಳಿದ ಮುನ್ನೂರ ಅರವತ್ತು ದಿನ ಅವು ಏನು ತಿನ್ನಬೇಕು? ಮಾವನ ತೋಟದಲ್ಲಿ ಮೊದಲು ನೇರಳೆ, ಮತ್ತಿ, ಹೊನ್ನೆ, ನಂದಿ, ಹಾಲುವಾಣ ಎಲ್ಲ ಇದ್ದವು. ಒಂದು ಮುಗಿಯುವಾಗ ಇನ್ನೊಂದು ಹೂ. ಮೆಣಸಿನ ಬಳ್ಳಿಗೆ ನೆಟ್ಟಗಿನ ಮರ ಬೇಕೆಂದು, ಕಡಿಯಲು ಮಾರಲು ತಾಪತ್ರಯ ಕಡಿಮೆಯೆಂದು, ಒಂದೊಂದಾಗಿ ತೆಗೆದು ಸಿಲ್ವರ್ ಓಕ್ ಹಾಕಿದರು. ಸಿಲ್ವರಿಗೂ ಹೂವಿದೆ, ಅದಕ್ಕೂ ಜೇನು ಬರುತ್ತದೆ, ಸುಳ್ಳು ಹೇಳಬಾರದು. ಆದರೆ ತೋಟವೆಲ್ಲ ಅದೇ ಆದರೆ ಉಣ್ಣುವುದೂ ಒಂದೇ ಸಲ, ಉಪವಾಸವೂ ಒಂದೇ ಸಲ.

ಮಾವನ ಗಡಿಯಲ್ಲಿ ಒಂದು ಬೂರುಗದ ಮರವಿದೆ. ಹೆಜ್ಜೇನು ವರ್ಷವೂ ಅದಕ್ಕೇ ಬಂದು ತಟ್ಟಿ ಕಟ್ಟುತ್ತದೆ. ಕೆಲವು ವರ್ಷ ಹತ್ತು, ಕೆಲವು ವರ್ಷ ಮೂರು. ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿಕೊಂಡು ಹೋಗುತ್ತದೆ. ಹೆಜ್ಜೇನು ಹಂಗಾಮಿಗೆ ತಕ್ಕ ಹಾಗೆ ನೂರಕ್ಕೂ ಹೆಚ್ಚು ಕಿಲೋಮೀಟರು ವಲಸೆ ಹೋಗಬಲ್ಲದು, ನಡುನಡುವೆ ಮರಗಳಲ್ಲಿ ಗೊಂಚಲಾಗಿ ತಂಗಿ ಹೋಗುತ್ತದೆ, ವಾಪಸ್ಸು ಬರುವಾಗ ಹಳೆಯ ಮರವನ್ನೇ ಹುಡುಕುತ್ತದೆ. ಮಲೆನಾಡಿನಲ್ಲಿ ಜಡಿಮಳೆ ಹಿಡಿದಾಗ ಹೂವಿರುವುದು ಬಯಲುಸೀಮೆಯಲ್ಲಿ. ಅಲ್ಲಿ ಹುಚ್ಚೆಳ್ಳು ಸೂರ್ಯಕಾಂತಿ ಮುಗಿದ ಮೇಲೆ ಹೂವಿರುವುದು ಮಲೆನಾಡಿನಲ್ಲಿ. ಮಾವನ ಕಾಫಿಗೆ ಮಾರ್ಚಿಯಲ್ಲಿ ಬರುವ ಹುಳಕ್ಕೆ ಅಕ್ಟೋಬರಿನಲ್ಲಿ ಊಟ ಹಾಕಬೇಕಾದದ್ದು ನಮ್ಮ ಕಡೆಯ ರಾಗಿ ಹೊಲದ ಅಂಚು. ಹೀಗಂತ ಮಾವನಿಗೆ ಹೇಳಿದರೆ "ಹಂಗಾದ್ರೆ ನಿಮ್ ಊರೋರಿಗೆ ನಾನು ಕಾಫಿಪುಡಿ ಕಳಿಸ್ಬೇಕು ಅನ್ನು," ಎಂದು ನಕ್ಕರು. ಚಿಟ್ಟೆಗಳೂ ಇದೇ ದಾರಿ ಹಿಡಿಯುತ್ತವೆ. ಮುಂಗಾರಿಗೆ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ, ಅಕ್ಟೋಬರ್ ನವೆಂಬರಿನಲ್ಲಿ ವಾಪಸ್ಸು, ನೀಲಿ ಹುಲಿಚಿಟ್ಟೆಗಳ ದಂಡು ಹೆದ್ದಾರಿ ದಾಟುವುದನ್ನು ಕಂಡವರು ಕಂಡಿರುತ್ತೀರಿ.

ಮಾವನ ಮನೆಯ ಹಿಂದೆ ಈಗಲೂ ಒಂಬತ್ತು ಜೇನುಪೆಟ್ಟಿಗೆ ಒಟ್ಟಿವೆ, ಖಾಲಿ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೆಚ್ಚುಕಡಿಮೆ ಗುಡಿಸಿಹಾಕಿತು. ಮರಿಹುಳ ನೀರು ತುಂಬಿದ ಚೀಲದಂತಾಗಿ ಸಾಯುವ ರೋಗ. ಆಮೇಲೆ ಯುರೋಪಿನ ಮೆಲ್ಲಿಫೆರಾ ಜೇನಿನ ಪೆಟ್ಟಿಗೆಗಳು ಬಂದವು. ಜೇನು ಉಳಿಸಬೇಕು ಎಂದ ಕೂಡಲೇ ಪೆಟ್ಟಿಗೆ ಹಂಚುವ ಮಾತು ಎತ್ತುವವರಿಗೆ ನನ್ನದೊಂದು ತಕರಾರಿದೆ. ಪೆಟ್ಟಿಗೆ ಒಳ್ಳೆಯದೇ, ತುಪ್ಪ ಬರುತ್ತದೆ, ಆದಾಯ ಬರುತ್ತದೆ. ಆದರೆ ಹೂವಿಲ್ಲದ ಊರಿಗೆ ಪೆಟ್ಟಿಗೆ ತಂದಿಡುವುದು ಊಟಕ್ಕೆ ಎಲೆ ಹಾಕದೆ ಪಂಕ್ತಿಗೆ ಇನ್ನಷ್ಟು ಜನರನ್ನು ಕೂರಿಸಿದ ಹಾಗೆ. ಅಲ್ಲಿದ್ದ ಒಂಟಿ ಜೇನಿನ ಬಾಯಿಂದಲೇ ಅದು ಕಿತ್ತುಕೊಳ್ಳಬೇಕು. ಪೆಟ್ಟಿಗೆಯದಕ್ಕೆ ಸಕ್ಕರೆ ಪಾಕ ಕೊಡುವವರಿದ್ದಾರೆ, ದರೆಯ ತೂತಿಗೆ ಯಾರು ಕೊಡುತ್ತಾರೆ?

ಇನ್ನೊಂದು ತಕರಾರು ಗಿಡ ನೆಡುವವರ ಮೇಲೆ. ಜೂನ್ 5ರ ಪರಿಸರ ದಿನ ಬಂತೆಂದರೆ ಗೋಮಾಳದಲ್ಲಿ ಗುಂಡಿ ತೋಡಲು ಶುರು. ಬೋಳು ಜಾಗ ಕಂಡರೆ ಪಾಳುಬಿದ್ದಿದೆ ಅನ್ನಿಸುತ್ತದೆ ನಮಗೆ, ಹುಲ್ಲನ್ನು ಹಸಿರಿನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಸಾಲಿನಲ್ಲಿ ಕುರಿಂಜಿ ಅರಳಿದಾಗ ನಾನೂ ಜನಜಾತ್ರೆಯಲ್ಲಿ ಒಬ್ಬನಾಗಿ ಹೋಗಿದ್ದೆ. ಟ್ರಾಫಿಕ್ಕಿನಲ್ಲಿ ಕಳೆದ ಹೊತ್ತೇ ಜಾಸ್ತಿ. ಗಾಡಿ ಬಿಟ್ಟು ಸ್ವಲ್ಪ ಮೇಲೆ ಹತ್ತಿ ಕೂತಾಗ ಕಂಡದ್ದು: 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮಗ್ಗುಲಲ್ಲಿ ಮರ ಇರುವುದು ಕಣಿವೆಯ ಮಡಿಲಲ್ಲಿ ಮಾತ್ರ, ಉಳಿದದ್ದೆಲ್ಲ ಹುಲ್ಲು ಮತ್ತು ಹೂ, ಆ ಹೂವಿನ ಮೇಲೆಲ್ಲ ಜೇನು. ಇಂಥ ಗುಡ್ಡಗಳ ಮೇಲೆ ಒಂದು ಕಾಲದಲ್ಲಿ ಅಕೇಶಿಯಾ ನೆಟ್ಟರು, ಹಸಿರು ಮಾಡುತ್ತೇವೆಂದು. ಕೆಳಗೆ ಬಯಲಿನಲ್ಲಿ ಕಡೂರು, ಅಜ್ಜಂಪುರ, ಅರಸೀಕೆರೆ ಕಡೆಯ ಅಮೃತ್ ಮಹಲ್ ಕಾವಲುಗಳೂ ಹುಲ್ಲೇ. ಮೈಸೂರು ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆಂದು ಬಿಟ್ಟ ಜಾಗ, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಎಂದು ಹೆಸರು ಬದಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ 2011ರಲ್ಲಿ ಕೃಷ್ಣಮೃಗದ ಹೆಸರಿನಲ್ಲಿ ರಕ್ಷಣೆ ಸಿಕ್ಕಿತು. ಜಿಂಕೆಯ ನೆರಳಿನಲ್ಲಿ ಹುಳವೂ ಬದುಕಿಕೊಂಡಿತು. ಹುಳಕ್ಕೆಂದೇ ಕಾವಲು ಕೇಳಿದ್ದರೆ ಯಾರು ಕೊಡುತ್ತಿದ್ದರು.

ಸರಿ, ಮಾಡಿದ್ದೇನು ಅಂತ ಕೇಳಿದರೆ ಹೆಚ್ಚೇನಿಲ್ಲ. ನನ್ನ ಪಾಲಿಗೆ ಬಂದ ಕಡೆ ರಾಗಿಗೆ ಅಕ್ಕಡಿ ಹಾಕಿಸಿದೆ, ಅಂಚಿಗೆ ಹುಚ್ಚೆಳ್ಳು. ಬೀಜ ಸಿಗಲು ಮೂರು ಊರು ಅಲೆದೆ. ಬದುವಿಗೆ ಔಷಧಿ ನಿಂತಿತು. ಕುಡುಗೋಲಿನಲ್ಲಿ ಕೊಯ್ಯುತ್ತೇವೆ, ಒಂದೇ ಸಲ ಪೂರ್ತಿ ಬೋಳಿಸದೆ ಅರ್ಧ ಈಗ, ಅರ್ಧ ಹೂ ಮುಗಿದ ಮೇಲೆ. ಹಳ್ಳದ ಹೂಳು ತೆಗೆಸುವ ನರೇಗಾ ಕೆಲಸ ಬಂದಾಗ ಪಂಚಾಯ್ತಿ ಮೆಂಬರ್ ಹತ್ತಿರ ಹೋಗಿ ಒಂದು ದಡದ ಹೊಂಗೆ, ಲಕ್ಕಿ ಗಿಡ ಮುಟ್ಟಬೇಡಿ ಎಂದು ಕೇಳಿಕೊಂಡೆ. ದಡ ಕುಸಿಯುತ್ತದೆ ಅಂತ ಹೇಳಿದೆ, ಹುಳದ ವಿಷಯ ಎತ್ತಲಿಲ್ಲ. ಒಪ್ಪಿದರು. ಜೋಳದ ಗುತ್ತಿಗೆಯವರು ಒಪ್ಪಿಲ್ಲ. ಅಲ್ಲಿ ನಕ್ಷೆಯ ಮೇಲೆ ನನ್ನ ಹಸಿರು ಗೆರೆ ಇನ್ನೂ ಹರಿದೇ ಇದೆ. ಅದರ ನಟ್ಟನಡುವೆ ಒಬ್ಬ ಅಜ್ಜಿಯ ಹತ್ತು ಗುಂಟೆ ಇದೆ, ಅವಳು ಗುತ್ತಿಗೆಗೆ ಕೊಟ್ಟಿಲ್ಲ, ಕನಕಾಂಬರ ಮತ್ತು ನುಗ್ಗೆ ಹಾಕಿಕೊಂಡಿದ್ದಾಳೆ. ಮುಜಂಟಿಗೆ ನಡುದಾರಿಯಲ್ಲಿ ಅಷ್ಟಾದರೂ ಆಸರೆ. ಅವಳಿಗೆ ಅದು ಗೊತ್ತಿಲ್ಲ, ಹೇಳಲು ಹೋದರೆ ನನಗೇ ಏನೋ ಆಗಿದೆ ಅಂದುಕೊಂಡಾಳು.

ಸ್ಕೆಚ್ಚು ಬಂದಾಗ ನೋಡಿದರೆ ಬಂಡೆ, ಹುತ್ತ, ಅತ್ತಿಮರ ನನ್ನ ಕಡೆಗೆ 5 ಗುಂಟೆ. ಕೆಮ್ಮಣ್ಣಿನ ದರೆ ಪೂರ್ತಿ ಚಿಕ್ಕಪ್ಪನ 4 ಗುಂಟೆಗೆ ಬಿದ್ದಿತ್ತು.

"ನಿನ್ ಹುಳ ನನ್ ಪಾಲಿಗ್ ಬಂದ್ವಲ್ಲೋ," ಅಂದ ಅವನು, ಹಾಳೆಯನ್ನು ದೂರ ಹಿಡಿದು ನೋಡುತ್ತ.

ಬದಲಿಗೆ ಮೇಲಿನ ಮೂಲೆಯ ನಾಲ್ಕು ಗುಂಟೆ ತಗೋ ಅಂದೆ. ಬೇಡ ಅಂದ. ಜೆಸಿಬಿ ಗಂಟೆಗೆ ಕೇಳುವ ದುಡ್ಡಿಗೂ ನಾಲ್ಕು ಗುಂಟೆಯ ಜೋಳಕ್ಕೂ ತಾಳೆ ಹಾಕಿ ನೋಡಿದ್ದಾನೆ, ಅದು ನನಗೆ ಹೇಳಲಿಲ್ಲ, ಚಿಕ್ಕಮ್ಮ ಹೇಳಿದರು. ದರೆಯ ಮುಂದಿನ ಸಮ ಜಾಗದಲ್ಲಿ ಗೂಟ ಹೊಡೆದು ಹಸು ಕಟ್ಟುತ್ತಾನೆ ಈಗ. ಹಸುವಿನ ಕಾಲಿಗೆ ದರೆಯ ಒಂದು ತುದಿ ಕುಸಿದು ಹೊಸ ಮಣ್ಣು ಕಂಡಿದೆ.

ಹೋದ ಭಾನುವಾರ ಹನ್ನೊಂದು ಗಂಟೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸಿದೆ. ಹೊಸ ಮಣ್ಣಿನ ಕಡೆ ಹನ್ನೊಂದು ತೂತು. ಹಸುವಿಗೆ ನೀರು ತಂದ ಚಿಕ್ಕಪ್ಪ ಬಕೆಟ್ಟು ಕೆಳಗಿಟ್ಟು, "ಹದಿಮೂರವೆ, ಆ ಬೇರಿನ್ ಕೆಳಗ್ ನೋಡ್ದಾ?" ಅಂದ.